ಬ್ರಿಟನ್ನಿನ ಕಲ್ಲುಗಳಿಗೆ ಮೊದಲ ಕಾವಲುಗಾರ: ಜನರಲ್ ಪಿಟ್ ರಿವರ್ಸ್

ಊರಿನಿಂದ ತಂದೆತಾಯಿ ಬಂದಾಗ ಇಂಗ್ಲೆಂಡಿನ ಕನ್ನಡಿಗರು ಅವರನ್ನು ಸುತ್ತಾಡಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಲಂಡನ್ನಿನ ಟವರ್ ಬ್ರಿಜ್, ಅರಮನೆಯ ಗೇಟು, ಬಾತ್ ಪಟ್ಟಣದ ರೋಮನ್ ಸ್ನಾನಗೃಹ, ನಡುವೆ ಒಂದು ದಿನ ಸ್ಟೋನ್‌ಹೆಂಜ್. ಬಯಲಿನಲ್ಲಿ ನಿಂತ ಆ ಭಾರಿ ಕಲ್ಲುಗಳನ್ನು ದೂರದಿಂದ ನೋಡಿ, ಹಂಪಿ, ಬಾದಾಮಿ ಕಂಡ ನಮ್ಮ ಹಿರಿಯರು ಮೂಗು ಮುರಿಯುವುದೂ ಉಂಟು. ಕೆತ್ತನೆ ಇಲ್ಲ, ದೇವರಿಲ್ಲ, ನಾಲ್ಕು ಕಲ್ಲು ನೋಡಲು ಇಷ್ಟೊಂದು ಟಿಕೆಟ್ಟೇ ಎಂದು ಕೇಳುತ್ತಾರೆ. ಕಾರಿನ ಹತ್ತಿರ ಬರುವ ಹೊತ್ತಿಗೆ ಇನ್ನೊಂದು ಮಾತೂ ಬರುತ್ತದೆ. ಕಲ್ಲು ನಾಲ್ಕೇ ಆದರೂ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದು.

ಈ ಜೋಪಾನ ಬ್ರಿಟಿಷರಿಗೆ ಹುಟ್ಟಿನಿಂದ ಬಂದದ್ದಲ್ಲ. 150 ವರ್ಷಗಳ ಹಿಂದೆ ಇಲ್ಲಿಯೂ ಹಳೆಯ ಕಲ್ಲುಗಳನ್ನು ಒಡೆದು ಮನೆ ಕಟ್ಟಿಕೊಳ್ಳುತ್ತಿದ್ದರು, ದಿಬ್ಬಗಳನ್ನು ಉತ್ತು ಸಮ ಮಾಡುತ್ತಿದ್ದರು. ಕೇಳುವವರು ಇರಲಿಲ್ಲ. ಕೇಳುವುದನ್ನೇ ಕೆಲಸವಾಗಿ ಮಾಡಲು ಸರ್ಕಾರ ಒಬ್ಬ ಅಧಿಕಾರಿಯನ್ನು ಮೊದಲ ಬಾರಿಗೆ ನೇಮಿಸಿದ್ದು 1883ರಲ್ಲಿ. ಪ್ರಾಚೀನ ಸ್ಮಾರಕಗಳ ಇನ್ಸ್‌ಪೆಕ್ಟರ್ ಎಂಬುದು ಹುದ್ದೆಯ ಹೆಸರು. ಅದನ್ನು ವಹಿಸಿಕೊಂಡವರು ಲೆಫ್ಟಿನೆಂಟ್ ಜನರಲ್ ಆಗಸ್ಟಸ್ ಪಿಟ್ ರಿವರ್ಸ್. ಆಕ್ಸ್‌ಫರ್ಡ್‌ನಲ್ಲಿ ಅವರ ಹೆಸರಿನ ಮ್ಯೂಸಿಯಂ ನೋಡಿದ ಕನ್ನಡಿಗರು ಬಹಳ ಮಂದಿ ಇದ್ದಾರೆ. ಆ ಹೆಸರಿನ ಹಿಂದಿನ ಸರ್ಕಾರಿ ನೌಕರನ ಕಥೆ ಗೊತ್ತಿರುವವರು ಕಡಿಮೆ. ಲೆಕ್ಕಪತ್ರ ತಪಾಸಣೆಯಿಂದ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಆ ಕಥೆ ತುಂಬ ಹತ್ತಿರದ್ದು ಅನ್ನಿಸುತ್ತದೆ.

ಬಂದೂಕಿನಿಂದ ಶುರುವಾದ ಆಸಕ್ತಿ

ಅವರು ಹುಟ್ಟಿದ್ದು 1827ರ ಏಪ್ರಿಲ್ 14ರಂದು, ಯಾರ್ಕ್‌ಶೈರಿನಲ್ಲಿ. ಆಗಿನ ಹೆಸರು ಆಗಸ್ಟಸ್ ಹೆನ್ರಿ ಲೇನ್ ಫಾಕ್ಸ್. ಜಮೀನ್ದಾರ ಮನೆತನವಾದರೂ ಕಿರಿಯ ಮಗನ ಪಾಲಿಗೆ ಬರುವುದು ಅಷ್ಟಕ್ಕಷ್ಟೇ. ಅಂಥ ಮನೆಗಳ ಕಿರಿಯ ಮಕ್ಕಳು ಹಿಡಿಯುತ್ತಿದ್ದ ದಾರಿಯನ್ನೇ ಹಿಡಿದು 1845ರಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ಪಡೆಯನ್ನು ಸೇರಿದರು.

ಸೈನ್ಯ ಆಗ ಹಳೆಯ ಮಸ್ಕೆಟ್ ಬಂದೂಕು ಬಿಟ್ಟು ರೈಫಲ್‌ಗೆ ಬದಲಾಗುವ ಕಾಲ. ಹೊಸ ಬಂದೂಕುಗಳನ್ನು ಪರೀಕ್ಷಿಸುವ, ಸಿಪಾಯಿಗಳಿಗೆ ಗುರಿ ಹೊಡೆಯುವುದನ್ನು ಕಲಿಸುವ ಕೆಲಸ ಲೇನ್ ಫಾಕ್ಸರ ಪಾಲಿಗೆ ಬಂತು. ಬಂದೂಕುಗಳನ್ನು ಸಾಲಾಗಿ ಇಟ್ಟು ನೋಡುವಾಗ ಅವರಿಗೊಂದು ಸಂಗತಿ ಹೊಳೆಯಿತು. ಯಾವ ಬಂದೂಕೂ ಒಮ್ಮೆಲೇ ಹುಟ್ಟಿದ್ದಲ್ಲ. ಹಿಂದಿನದರಲ್ಲಿ ಒಂದು ಚಿಕ್ಕ ತಿದ್ದುಪಡಿ, ಅದರ ಮೇಲೆ ಇನ್ನೊಂದು, ಹೀಗೆ ಬೆಳೆದು ಬಂದದ್ದು. ಈ ಮಾತು ಬಂದೂಕಿಗೆ ನಿಜವಾದರೆ ಬಿಲ್ಲು, ಭರ್ಜಿ, ಗುರಾಣಿ, ದೋಣಿ, ಮಡಕೆಗಳಿಗೂ ನಿಜವಾಗಬೇಕಲ್ಲ? ಅಲ್ಲಿಂದ ಸಂಗ್ರಹದ ಹುಚ್ಚು ಹಿಡಿಯಿತು. ಲಂಡನ್ನಿನ ಮನೆ ವಸ್ತುಗಳಿಂದ ತುಂಬಿಹೋಯಿತು. 1874ರಲ್ಲಿ ಸಂಗ್ರಹವನ್ನು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಮ್ಯೂಸಿಯಂನಲ್ಲಿ ಜನರಿಗೆ ತೋರಿಸಿದರು. ಅದು ಕೂಲಿಕಾರರ ಬಡಾವಣೆ.

ನಡುವೆ 1853ರಲ್ಲಿ ಆಲಿಸ್ ಸ್ಟ್ಯಾನ್ಲಿಯವರೊಂದಿಗೆ ಮದುವೆಯಾಗಿತ್ತು. 1854ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಆಲ್ಮಾ ಕದನವನ್ನು ಕಂಡು, ಆರೋಗ್ಯ ಕೆಟ್ಟು ಮರಳಿ ಬಂದಿದ್ದರು. 1860ರ ದಶಕದಲ್ಲಿ ಐರ್ಲೆಂಡಿನ ಕಾರ್ಕ್‌ಗೆ ವರ್ಗವಾಯಿತು. ಅಲ್ಲಿ ಹೊಲಗಳ ನಡುವೆ ಸಾವಿರಾರು ವರ್ಷ ಹಳೆಯ ಮಣ್ಣಿನ ಕೋಟೆಗಳು ರೈತರ ನೇಗಿಲಿಗೆ ಸಿಕ್ಕಿ ಕರಗುತ್ತಿರುವುದನ್ನು ಕಣ್ಣಾರೆ ಕಂಡರು. ಮ್ಯೂಸಿಯಂನ ವಸ್ತುವನ್ನು ಬೀಗ ಹಾಕಿ ಕಾಯಬಹುದು. ಹೊಲದ ನಡುವಿನ ಕೋಟೆಗೆ ಬೀಗ ಹಾಕುವುದು ಹೇಗೆ ಎಂಬ ಪ್ರಶ್ನೆಗೆ ಆಗ ಯಾರಲ್ಲಿಯೂ ಉತ್ತರ ಇರಲಿಲ್ಲ.

53ನೇ ವಯಸ್ಸಿಗೆ ಬಂದ ಆಸ್ತಿ

1880ರಲ್ಲಿ ಅವರ ಬದುಕು ತಿರುಗಿತು. ದೂರದ ಸಂಬಂಧದ ರಿವರ್ಸ್ ಮನೆತನದಲ್ಲಿ ವಾರಸುದಾರರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಹಿಂದಿನವರ ಉಯಿಲಿನ ಪ್ರಕಾರ ಆಸ್ತಿ ಇವರಿಗೆ ಬಂತು. ಡಾರ್ಸೆಟ್, ವಿಲ್ಟ್‌ಶೈರ್ ಗಡಿಯ ಕ್ರ್ಯಾನ್‌ಬೋರ್ನ್ ಚೇಸ್ ಪ್ರದೇಶದಲ್ಲಿ 25 ಸಾವಿರ ಎಕರೆಗೂ ಮಿಕ್ಕಿದ ಭೂಮಿ, ರಶ್‌ಮೋರ್ ಎಂಬ ಬಂಗಲೆ. ಷರತ್ತು ಒಂದೇ, ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕು. ಲೇನ್ ಫಾಕ್ಸ್ ಹೋಗಿ ಪಿಟ್ ರಿವರ್ಸ್ ಆದರು.

ಆ ಭೂಮಿ ಬಹುಕಾಲ ಜಿಂಕೆ ಬೇಟೆಗೆ ಮೀಸಲಾಗಿದ್ದ ಕಾಡು. ನೇಗಿಲು ಹೆಚ್ಚು ತಾಗಿರಲಿಲ್ಲ. ಹಾಗಾಗಿ ರೋಮನ್ನರ ಕಾಲದ ಹಳ್ಳಿಗಳು, ಅದಕ್ಕೂ ಹಿಂದಿನ ಸಮಾಧಿ ದಿಬ್ಬಗಳು ಅಲ್ಲಲ್ಲೇ ಉಳಿದಿದ್ದವು. ಹಳೆಯ ಕಾಲದ ವಸ್ತುಗಳಿಗೆ ಮನಸೋತ ಮನುಷ್ಯನಿಗೆ ಇಂಥ ಜಮೀನೇ ಒಲಿದು ಬಂದಿತ್ತು. ವರ್ಷದ ಆದಾಯವೂ ದೊಡ್ಡದು.

ಹಲ್ಲಿಲ್ಲದ ಕಾನೂನು

ಇಲ್ಲಿ ಇನ್ನೊಬ್ಬರನ್ನು ಪರಿಚಯಿಸಬೇಕು. ಬ್ರಿಟನ್ನಿನಲ್ಲಿ ದುಡಿಯುವ ನಾವೆಲ್ಲ ಮೇ ತಿಂಗಳ, ಆಗಸ್ಟ್ ತಿಂಗಳ ಬ್ಯಾಂಕ್ ರಜೆಗೆ ಕಾದು ಕುಳಿತಿರುತ್ತೇವೆ. 1871ರಲ್ಲಿ ಬ್ಯಾಂಕ್ ರಜೆಗಳ ಕಾಯ್ದೆ ತಂದವರು ಸರ್ ಜಾನ್ ಲಬಕ್. ಬ್ಯಾಂಕರ್, ಸಂಸತ್ ಸದಸ್ಯ, ವಿಜ್ಞಾನಿ. ಏವ್‌ಬರಿ ಎಂಬ ಊರಿನ ಪ್ರಾಚೀನ ಕಲ್ಲಿನ ವೃತ್ತದ ಜಾಗದಲ್ಲಿ ಮನೆ ನಿವೇಶನಗಳು ಏಳುತ್ತವೆ ಎಂದು ತಿಳಿದು, ಸ್ವಂತ ಹಣದಿಂದ ಆ ಜಾಗ ಕೊಂಡು ಉಳಿಸಿದವರು ಅವರೇ. ಪ್ರತಿ ಸಲವೂ ಕೊಂಡು ಉಳಿಸಲು ಆಗದು, ಕಾನೂನು ಬೇಕು ಎಂದು 1873ರಿಂದ ಮಸೂದೆ ಮಂಡಿಸುತ್ತಾ ಬಂದರು. ಸಂಸತ್ತಿನಲ್ಲಿ ಕೂತವರು ಬಹುಪಾಲು ಜಮೀನ್ದಾರರು. ನಮ್ಮ ಹೊಲದಲ್ಲಿ ಸರ್ಕಾರಕ್ಕೇನು ಕೆಲಸ ಎಂದು ವರ್ಷ ವರ್ಷವೂ ತಳ್ಳಿಹಾಕಿದರು.

ಕೊನೆಗೆ 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯ್ದೆ ಪಾಸಾಯಿತು. ಅಷ್ಟರಲ್ಲಿ ಅದರ ಹಲ್ಲುಗಳನ್ನೆಲ್ಲ ಕಿತ್ತಾಗಿತ್ತು. ಕಾಯ್ದೆಗೆ ಒಂದು ಪಟ್ಟಿ ಲಗತ್ತಿಸಿದ್ದರು. ಅದರಲ್ಲಿ 68 ಸ್ಮಾರಕಗಳು, ಬ್ರಿಟನ್ನಿನ 50 ಮತ್ತು ಐರ್ಲೆಂಡಿನ 18. ಪಟ್ಟಿಗೆ ಸೇರಿತು ಎಂದ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದಲ್ಲ. ಮಾಲೀಕ ತಾನಾಗಿ ಒಪ್ಪಿ ಪತ್ರ ಬರೆದುಕೊಟ್ಟರೆ ಮಾತ್ರ ಸ್ಮಾರಕ ಸರ್ಕಾರದ ಪಾಲನೆಗೆ ಬರುತ್ತಿತ್ತು. ಒಡೆತನ ಅವನದೇ, ನೋಡಿಕೊಳ್ಳುವ ಹೊಣೆ ಮತ್ತು ಖರ್ಚು ಸರ್ಕಾರದ್ದು. ಹೊರಗಿನವರು ಹಾಳು ಮಾಡಿದರೆ 5 ಪೌಂಡ್ ತನಕ ದಂಡ ಅಥವಾ ಒಂದು ತಿಂಗಳ ತನಕ ಜೈಲು. ಪತ್ರ ಬರೆದುಕೊಡದ ಮಾಲೀಕ ತನ್ನ ಹೊಲದ ಸ್ಮಾರಕವನ್ನು ತಾನೇ ಪುಡಿ ಮಾಡಿದರೆ? ಅವನಿಗೆ ದಂಡವಿಲ್ಲ.

ಈ ಕಾಯ್ದೆಯಡಿಯಲ್ಲೇ ಇನ್ಸ್‌ಪೆಕ್ಟರ್ ಹುದ್ದೆ ಬಂತು. ಅವರ ಕರ್ತವ್ಯ ಕಾಗದದ ಮೇಲೆ ಎರಡೇ ಸಾಲಿನದು. ಸ್ಮಾರಕಗಳ ಸ್ಥಿತಿಗತಿ ನೋಡಿ ವರದಿ ಕೊಡಬೇಕು, ಅವನ್ನು ಉಳಿಸುವ ಒಳ್ಳೆಯ ಮಾರ್ಗ ಯಾವುದೆಂದು ಹೇಳಬೇಕು. ವರದಿ ಹೋಗುವುದು ಆಫೀಸ್ ಆಫ್ ವರ್ಕ್ಸ್ ಎಂಬ ಇಲಾಖೆಗೆ, ನಮ್ಮ ಲೋಕೋಪಯೋಗಿ ಇಲಾಖೆ ಇದ್ದ ಹಾಗೆ. ಹಣ ಮಂಜೂರು ಮಾಡುವುದು ಖಜಾನೆ. ಸಂಬಳವನ್ನು ತೀರ್ಮಾನಿಸುವುದೂ ಖಜಾನೆಯೇ. ಜಪ್ತಿ ಮಾಡುವ, ಕೆಲಸ ತಡೆಯುವ, ನೋಟಿಸ್ ಕೊಡುವ ಅಧಿಕಾರ ಯಾವುದೂ ಇನ್ಸ್‌ಪೆಕ್ಟರಿಗೆ ಇರಲಿಲ್ಲ. ಅಧಿಕಾರಿ ಎಂಬ ಪದದಲ್ಲಿದ್ದ ಅಧಿಕಾರ ಹುದ್ದೆಯಲ್ಲಿ ಇರಲಿಲ್ಲ.

ಲಬಕ್ ಈ ಹುದ್ದೆಗೆ ಗೆಳೆಯ ಪಿಟ್ ರಿವರ್ಸರನ್ನು ಸೂಚಿಸಿದ್ದರಲ್ಲಿ ಲೆಕ್ಕಾಚಾರ ಇತ್ತು. ಮರುವರ್ಷ, ಅಂದರೆ 1884ರಲ್ಲಿ, ಜನರಲ್ಲರ ಮಗಳನ್ನೇ ಮದುವೆಯಾಗಿ ಲಬಕ್ ಅವರ ಅಳಿಯನೂ ಆದರೆನ್ನಿ. ಜಮೀನ್ದಾರರನ್ನು ಒಪ್ಪಿಸಬೇಕಾದರೆ ಅವರ ಮನೆಯ ಊಟದ ಮೇಜಿನಲ್ಲಿ ಸರಿಸಮನಾಗಿ ಕೂರಬಲ್ಲ ಮನುಷ್ಯ ಬೇಕಿತ್ತು. ಗುಮಾಸ್ತ ಬಂದರೆ ಬಾಗಿಲು ತೆರೆಯದ ಮನೆಗಳು, ಸಾವಿರಾರು ಎಕರೆಯ ಒಡೆಯನೂ ಜನರಲ್ಲೂ ಆದವರು ಬಂದರೆ ತೆರೆಯುತ್ತಿದ್ದವು.

ನೋಡಿ, ಅಳೆದು, ಬರೆದು

ಕೆಲಸವನ್ನು ಅವರು ಹೇಗೆ ಮಾಡಿದರು ಎಂಬುದು ಇಲ್ಲಿ ಮುಖ್ಯ. ಬೇಸಿಗೆ ಬಂತೆಂದರೆ ಸಹಾಯಕರನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ರೈಲು ಹೋಗುವ ತನಕ ರೈಲು, ಆಮೇಲೆ ಕುದುರೆಗಾಡಿ, ಆಮೇಲೆ ಕಾಲ್ನಡಿಗೆ. ಕೆಂಟ್‌ನ ಹೊಲಗಳಿಂದ ಹಿಡಿದು ವೇಲ್ಸ್ ಬೆಟ್ಟಗಳು, ಸ್ಕಾಟ್ಲೆಂಡಿನ ಉತ್ತರದ ತನಕ ಸುತ್ತಿದರು. ಪಟ್ಟಿಯಲ್ಲಿದ್ದ ಪ್ರತಿ ಸ್ಮಾರಕದ ಬಳಿ ನಿಂತು ನಕ್ಷೆ ಹಾಕಿಸುವುದು, ಅಳತೆ ತೆಗೆಸುವುದು, ಚಿತ್ರ ಬರೆಸುವುದು, ಯಾವ ಕಲ್ಲು ವಾಲಿದೆ, ಎಲ್ಲಿ ದನ ಮೈ ಉಜ್ಜುತ್ತವೆ, ಎಲ್ಲಿ ಮೊಲ ಬಿಲ ತೋಡಿದೆ ಎಂದು ಗುರುತು ಹಾಕಿಸುವುದು ನಡೆಯುತ್ತಿತ್ತು. ಮಧುಮೇಹ, ಎದೆಯ ಕಾಯಿಲೆ ಎರಡೂ ಇದ್ದ, 60ರ ಆಸುಪಾಸಿನ ಮನುಷ್ಯ ಮಾಡಿದ ಓಡಾಟ ಇದು. ಆ ನೋಟ್ ಪುಸ್ತಕಗಳು ಇಂದಿಗೂ ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇವೆ.

ಆಡಿಟ್ ಕೆಲಸ ಮಾಡಿದವರಿಗೆ ಇದು ಚಿರಪರಿಚಿತ. ಕಂಪನಿಯ ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ಯಂತ್ರದ ಹೆಸರು ಇದ್ದರೆ ಸಾಲದು. ಗೋದಾಮಿಗೆ ಹೋಗಿ ಯಂತ್ರವನ್ನು ಕಣ್ಣಿಂದ ನೋಡಬೇಕು, ಓಡುತ್ತಿದೆಯೇ ತುಕ್ಕು ಹಿಡಿದಿದೆಯೇ ಎಂದು ಬರೆದುಕೊಳ್ಳಬೇಕು. ಬರೆದದ್ದನ್ನು ಮುಂದಿನ ವರ್ಷ ಬರುವ ಬೇರೊಬ್ಬ ಆಡಿಟರ್ ಓದಿದರೆ ಅರ್ಥವಾಗುವಂತಿರಬೇಕು. ಕಂಪನಿಯನ್ನು ಮುಚ್ಚಿಸುವ ಅಧಿಕಾರ ಆಡಿಟರಿಗೆ ಇಲ್ಲ. ಅವನ ಬಲ ಇರುವುದು ವರದಿಯಲ್ಲಿ. ಪಿಟ್ ರಿವರ್ಸರ ಬಲವೂ ಅಷ್ಟೇ ಆಗಿತ್ತು.

ನೋಡಿ ಬರೆದ ಮೇಲೆ ಮಾಲೀಕನ ಮನವೊಲಿಸುವ ಕೆಲಸ. ಸರ್ಕಾರ ಭೂಮಿ ಕಿತ್ತುಕೊಳ್ಳುವುದಿಲ್ಲ, ಉಳುಮೆಗೆ ಅಡ್ಡಿ ಬರುವುದಿಲ್ಲ, ಬೇಲಿ ಹಾಕಿ ಕಾಯುತ್ತದೆ ಅಷ್ಟೆ ಎಂದು ಬಿಡಿಸಿ ಹೇಳಬೇಕಿತ್ತು. ಕೆಲವರು ಸಂತೋಷದಿಂದ ಸಹಿ ಹಾಕಿದರು. ಕೆಲವರು ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲ. ಕೆಂಟ್‌ನಲ್ಲಿ ಕಿಟ್ಸ್ ಕೋಟಿ ಎಂಬ ಕಲ್ಲಿನ ಸಮಾಧಿ ಇದೆ, ಮೂರು ನಿಂತ ಬಂಡೆಗಳ ಮೇಲೊಂದು ಚಪ್ಪಡಿ. ನಮ್ಮ ಕಡೆಯ ಶಿಲಾಸಮಾಧಿಗಳನ್ನು ನೋಡಿದವರಿಗೆ ಗುರುತು ಹತ್ತುವಂಥದ್ದು. ಬಂದವರೆಲ್ಲ ಅದರ ಮೇಲೆ ಹೆಸರು ಕೆತ್ತಿ ಹೋಗುತ್ತಿದ್ದರು. ಪಿಟ್ ರಿವರ್ಸರ ಕಾಲದಲ್ಲಿ ಅದರ ಸುತ್ತ ಕಬ್ಬಿಣದ ಬೇಲಿ ಬಂತು. ಇಂದು ಹೋದರೂ ಬೇಲಿಯೊಳಗೇ ನಿಂತಿದೆ. ಹೆಸರುಗಳೂ ಕಾಣುತ್ತವೆ.

ಎಲ್ಲಕ್ಕಿಂತ ದೊಡ್ಡ ಸೋಲು ಸ್ಟೋನ್‌ಹೆಂಜ್‌ನದು. ಪಟ್ಟಿಯಲ್ಲಿ ಇದ್ದ ಅತಿ ಪ್ರಸಿದ್ಧ ಸ್ಮಾರಕ ಅದು. ಆಗ ಆಂಟ್ರೋಬಸ್ ಎಂಬ ಮನೆತನದ ಸ್ವತ್ತಾಗಿತ್ತು. ಕಲ್ಲುಗಳು ವಾಲುತ್ತಿವೆ, ಕೆಲವಕ್ಕೆ ಮರದ ಊರುಗೋಲು ಕೊಟ್ಟಿದ್ದಾರೆ, ಸರಿಯಾದ ಪಾಲನೆ ಬೇಕು ಎಂದು ಇನ್ಸ್‌ಪೆಕ್ಟರ್ ಹೇಳಿದರೂ ಮಾಲೀಕರು ಒಪ್ಪಲಿಲ್ಲ. ಒಪ್ಪದಿದ್ದರೆ ಕಾನೂನಿನಲ್ಲಿ ಮುಂದಿನ ಹೆಜ್ಜೆಯೇ ಇರಲಿಲ್ಲ.

ಇತ್ತ ಖಜಾನೆಯ ಬಿಗಿಮುಷ್ಟಿ. ಹಣವಿಲ್ಲದೆ ಹೊಸ ಸ್ಮಾರಕಗಳನ್ನು ತೆಗೆದುಕೊಳ್ಳಲು ಇಲಾಖೆಗೆ ಉತ್ಸಾಹವೇ ಇಲ್ಲ. ಸಹಾಯಕರ ಸಂಬಳ, ಓಡಾಟದ ಖರ್ಚಿನಲ್ಲಿ ದೊಡ್ಡ ಪಾಲನ್ನು ಜನರಲ್ ತಮ್ಮ ಕಿಸೆಯಿಂದಲೇ ತೆತ್ತರು. 1890ರಲ್ಲಿ ಬೇಸತ್ತು ಸಂಬಳ ಬೇಡವೆಂದರು. ಗೌರವ ಇನ್ಸ್‌ಪೆಕ್ಟರಾಗಿ ಹೆಸರು ಮಾತ್ರ ಕೊನೆಯ ತನಕ ಉಳಿಯಿತು. ಹುದ್ದೆಗೆ ಬೇಕಾದ ಹಣವನ್ನು ಹುದ್ದೆಯಲ್ಲಿ ಕೂತವರ ಸಿರಿವಂತಿಕೆಯಿಂದ ತುಂಬಿಸಿಕೊಂಡ ಸರ್ಕಾರಕ್ಕೆ ಆ ಹುದ್ದೆಯ ನಿಜವಾದ ಖರ್ಚು ಎಷ್ಟೆಂದು ಗೊತ್ತೇ ಆಗಲಿಲ್ಲ. ಇದನ್ನು ನಾವು ದಾನ ಎಂದು ಹೊಗಳುವುದಕ್ಕಿಂತ ಬಜೆಟ್ಟಿನ ದೋಷ ಎಂದು ಬರೆದುಕೊಳ್ಳುವುದು ಸರಿ.

ತನ್ನ ಹೊಲದಲ್ಲಿ ತಾನೇ ಹಾಕಿಕೊಂಡ ನಿಯಮ

ಬೇರೆಯವರ ಹೊಲದಲ್ಲಿ ನಡೆಯದ ಮಾತನ್ನು ಪಿಟ್ ರಿವರ್ಸ್ ತಮ್ಮ ಹೊಲದಲ್ಲಿ ನಡೆಸಿ ತೋರಿಸಿದರು. ಅಲ್ಲಿಯ ತನಕ ಉತ್ಖನನ ಎಂದರೆ ದಿಬ್ಬದ ನಡುವೆ ಗುಂಡಿ ತೋಡಿ, ಚಿನ್ನ ಬೆಳ್ಳಿ ಸಿಕ್ಕರೆ ಇಟ್ಟುಕೊಂಡು, ಮಡಕೆ ಚೂರುಗಳನ್ನು ಎಸೆದು ಹೋಗುವುದು. ಇವರು ತದ್ವಿರುದ್ಧ. ಅಪರೂಪದ ಒಡವೆಗಿಂತ ದಿನಬಳಕೆಯ ಮಡಕೆ ಚೂರು ಹೆಚ್ಚು ಹೇಳುತ್ತದೆ, ಏಕೆಂದರೆ ಅದು ಎಲ್ಲ ಕಡೆಯೂ ಸಿಗುತ್ತದೆ ಎಂಬುದು ಅವರ ನಂಬಿಕೆ. ಪ್ರತಿ ಚೂರು, ಪ್ರತಿ ಮೂಳೆ, ಪ್ರತಿ ನಾಣ್ಯ ಎಷ್ಟು ಆಳದಲ್ಲಿ, ಯಾವ ಮೂಲೆಯಲ್ಲಿ ಸಿಕ್ಕಿತು ಎಂದು ಬರೆಸಿದರು. ಹಳೆಯ ಮೂಳೆಗಳನ್ನು ಹೋಲಿಸಿ ನೋಡಲು ತಮ್ಮ ಎಸ್ಟೇಟಿನ ಸಾಕುಪ್ರಾಣಿಗಳ ಮೂಳೆಗಳನ್ನೂ ಅಳೆಸಿದರು. ವೋರ್ ಬ್ಯಾರೋ ಎಂಬ ದಿಬ್ಬದ ಸುತ್ತಲಿನ ಕಂದಕವನ್ನು ಅಗೆದ ಮೇಲೆ ಮುಚ್ಚಲಿಲ್ಲ. ಕೆಲವು ವರ್ಷ ತೆರೆದೇ ಬಿಟ್ಟು, ಮಳೆ ಗಾಳಿಗೆ ಎಷ್ಟು ಮಣ್ಣು ಜಾರಿ ತುಂಬಿತು ಎಂದು ಮತ್ತೆ ನೋಡಿದರು. ಹಳೆಯ ಕಂದಕ ತುಂಬಲು ಎಷ್ಟು ಕಾಲ ಹಿಡಿಯಿತೆಂದು ಅಂದಾಜು ಮಾಡಲು ಅದೊಂದು ಅಳತೆಗೋಲಾಯಿತು.

ಅಗೆದ ಜಾಗ ಮುಚ್ಚುವಾಗ ಅವರು ಮಾಡುತ್ತಿದ್ದ ಒಂದು ಕೆಲಸ ನಮಗೆ ಬಹಳ ಇಷ್ಟ. ಗುಂಡಿಯ ತಳದಲ್ಲಿ ತಮ್ಮ ಹೆಸರಿರುವ ಚಿಕ್ಕ ಲೋಹದ ಬಿಲ್ಲೆಯನ್ನು ಇಡುತ್ತಿದ್ದರು. ನೂರು ವರ್ಷದ ನಂತರ ಯಾರಾದರೂ ಅಲ್ಲೇ ಅಗೆದರೆ, ಇದು ಒಮ್ಮೆ ತೆರೆದ ಜಾಗ, ತೆರೆದವರು ಇಂಥವರು ಎಂದು ತಿಳಿಯಲಿ ಎಂದು. ಲೆಕ್ಕಪುಸ್ತಕದಲ್ಲಿ ತಪಾಸಣೆಯಾದ ಪ್ರತಿ ವೋಚರಿಗೆ ಆಡಿಟರ್ ಗುರುತು ಹಾಕಿ ಸಹಿ ಮಾಡುವಂತೆ. ನಾನು ಇಲ್ಲಿ ಕೈಹಾಕಿದ್ದೇನೆ, ನನ್ನ ತಪ್ಪಿದ್ದರೆ ನನ್ನ ಹೆಸರಿಗೇ ಬರೆಯಿರಿ ಎಂಬ ಹೊಣೆಗಾರಿಕೆ ಅದರಲ್ಲಿದೆ.

ಇದೆಲ್ಲವನ್ನೂ ಕ್ರ್ಯಾನ್‌ಬೋರ್ನ್ ಚೇಸ್ ಉತ್ಖನನಗಳ ಕುರಿತ ನಾಲ್ಕು ದೊಡ್ಡ ಸಂಪುಟಗಳಾಗಿ 1887ರಿಂದ 1898ರ ನಡುವೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಪುಟಗಟ್ಟಲೆ ಕೋಷ್ಟಕಗಳು, ನಕ್ಷೆಗಳು. ಆಗಿನವರಿಗೆ ಇಷ್ಟೇಕೆ ಅನ್ನಿಸಿರಬಹುದು. ಅವರ ವಾದ ಸರಳವಾಗಿತ್ತು. ಇಂದು ನಮಗೆ ಬೇಡವೆಂದು ಕಂಡ ವಿವರ ನಾಳೆ ಬರುವವರಿಗೆ ಬೇಕಾದೀತು. ಅಗೆದ ಮಣ್ಣನ್ನು ಮತ್ತೆ ಅಗೆಯಲಾಗದು, ಹಾಗಾಗಿ ಬರೆಯದೆ ಬಿಟ್ಟದ್ದು ಕಳೆದುಹೋದದ್ದೇ.

ಬ್ಯಾಂಡ್ ಸಂಗೀತ, ಪಿಕ್‌ನಿಕ್, ಮ್ಯೂಸಿಯಂ

ಹಳೆಯದನ್ನು ಕಾಯುವವರು ಪೊಲೀಸರಲ್ಲ, ಜನ ಎಂಬುದು ಅವರಿಗೆ ಹೊಳೆದಿತ್ತು. ಜನರಿಗೆ ಅದರ ಬೆಲೆ ತಿಳಿಸಬೇಕು. ಅದಕ್ಕಾಗಿ ರಶ್‌ಮೋರ್ ಬಳಿ ಲಾರ್ಮರ್ ಟ್ರೀ ಎಂಬ ಉದ್ಯಾನವನ್ನು ಮಾಡಿ ಪುಕ್ಕಟೆಯಾಗಿ ತೆರೆದರು. ಎಸ್ಟೇಟಿನ ಕೆಲಸಗಾರರದ್ದೇ ಬ್ಯಾಂಡ್ ಕಟ್ಟಿಸಿ ಭಾನುವಾರ ಸಂಗೀತ ಇಡಿಸಿದರು. ಪಿಕ್‌ನಿಕ್‌ಗೆ ಬಂದವರಿಗೆ ತಟ್ಟೆ ಲೋಟಗಳೂ ಅಲ್ಲೇ ಸಿಗುತ್ತಿದ್ದವು. ಕಾದಂಬರಿಕಾರ ಥಾಮಸ್ ಹಾರ್ಡಿ 1895ರಲ್ಲಿ ಅಲ್ಲಿ ದೀಪದ ಬೆಳಕಿನಲ್ಲಿ ಜನರಲ್ಲರ ಮಗಳೊಂದಿಗೆ ನೃತ್ಯ ಮಾಡಿದ್ದುಂಟು. 1899ರ ಒಂದೇ ವರ್ಷ 44 ಸಾವಿರಕ್ಕೂ ಹೆಚ್ಚು ಜನ ಬಂದರು. ಹತ್ತಿರದ ಫಾರ್ನಮ್ ಹಳ್ಳಿಯಲ್ಲಿ ಮ್ಯೂಸಿಯಂ ಕಟ್ಟಿಸಿ ಉತ್ಖನನದ ವಸ್ತುಗಳ ಜೊತೆಗೆ ಸ್ಥಳಗಳ ಮರದ ಮಾದರಿಗಳನ್ನೂ ಇಡಿಸಿದರು. ಉದ್ಯಾನಕ್ಕೆ ಬಂದ ರೈತ, ಆಳು, ಅಂಗಡಿಯವ ಹಾಗೇ ಮ್ಯೂಸಿಯಂಗೂ ಇಣುಕಲಿ ಎಂಬ ಎಣಿಕೆ.

ಈ ಮ್ಯೂಸಿಯಂನ ಗತಿಯನ್ನು ಆಕ್ಸ್‌ಫರ್ಡ್ ಸಂಗ್ರಹದ ಜೊತೆಗಿಟ್ಟು ನೋಡಿದರೆ ಒಂದು ಪಾಠ ಸಿಗುತ್ತದೆ. ತಮ್ಮ ಮೊದಲ ದೊಡ್ಡ ಸಂಗ್ರಹವನ್ನು ಅವರು 1884ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟಾಗ ಪತ್ರದಲ್ಲಿ ಷರತ್ತು ಹಾಕಿದ್ದರು. ಪ್ರತ್ಯೇಕ ಕಟ್ಟಡ ಕಟ್ಟಬೇಕು, ಪಾಠ ಹೇಳಲು ಒಬ್ಬರನ್ನು ನೇಮಿಸಬೇಕು. ಹೊಣೆ ಯಾರದು ಎಂಬುದು ಸ್ಪಷ್ಟವಾಗಿದ್ದ ಆ ಸಂಗ್ರಹ ಇಂದಿಗೂ ಇದೆ, ಬೆಳೆದಿದೆ. ಫಾರ್ನಮ್ ಮ್ಯೂಸಿಯಂ ಮಾತ್ರ ಮನೆತನದ ಕೈಯಲ್ಲೇ ಉಳಿಯಿತು. 20ನೇ ಶತಮಾನದಲ್ಲಿ ಅದು ಮುಚ್ಚಿ, ಬಹಳಷ್ಟು ವಸ್ತುಗಳು ಮಾರಾಟವಾಗಿ ಚದುರಿಹೋದವು. ಉತ್ಖನನದ ವಸ್ತುಗಳು ಸಾಲ್ಸ್‌ಬರಿ ಮ್ಯೂಸಿಯಂ ಸೇರಿ ಬಚಾವಾದವು. ಪ್ರೀತಿ ಎರಡರ ಮೇಲೂ ಒಂದೇ ಇತ್ತು. ಉಳಿಸಿದ್ದು ಪತ್ರ.

ಮುಚ್ಚಿಡಬಾರದ ಮುಖ

ಹೊಗಳುತ್ತಾ ಹೋದರೆ ಲೆಕ್ಕ ಸರಿಹೊಂದುವುದಿಲ್ಲ. ಮನೆಯಲ್ಲಿ ಜನರಲ್ ಸಿಡುಕಿನ, ಕಟ್ಟುನಿಟ್ಟಿನ ಮನುಷ್ಯ. ಒಂಬತ್ತು ಮಕ್ಕಳ ತಂದೆ. ಹೆಂಡತಿ ಮಕ್ಕಳೊಂದಿಗೆ ಜಗಳ ಸಾಮಾನ್ಯವಾಗಿತ್ತು. ಅವರ ವಿಚಾರಗಳೂ ಆ ಸಾಮ್ರಾಜ್ಯ ಕಾಲದವೇ. ವಸ್ತುಗಳನ್ನು ಸರಳದಿಂದ ಜಟಿಲಕ್ಕೆ ಜೋಡಿಸಿದ ಹಾಗೆ ಜನಾಂಗಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಮೇಲಿನ ಮೆಟ್ಟಿಲಲ್ಲಿ ಯುರೋಪನ್ನು ಕೂರಿಸಿದ ಕಾಲ ಅದು. 1897ರಲ್ಲಿ ಬ್ರಿಟಿಷ್ ಸೈನ್ಯ ಆಫ್ರಿಕಾದ ಬೆನಿನ್ ರಾಜ್ಯವನ್ನು ಸುಟ್ಟು ಲೂಟಿ ಮಾಡಿ ತಂದ ಕಂಚಿನ ಶಿಲ್ಪಗಳನ್ನು ಕೊಂಡವರಲ್ಲಿ ಅವರೂ ಒಬ್ಬರು. ತಮ್ಮ ದೇಶದ ಒಂದು ಮಡಕೆ ಚೂರೂ ಜಾಗ ಬಿಟ್ಟು ಕದಲಬಾರದೆಂದ ಮನುಷ್ಯ, ಬೇರೆಯವರ ಅರಮನೆಯಿಂದ ಕಿತ್ತು ತಂದದ್ದನ್ನು ಕೊಂಡು ಗಾಜಿನ ಕಪಾಟಿನಲ್ಲಿಟ್ಟರು. ಆಕ್ಸ್‌ಫರ್ಡ್‌ನ ಮ್ಯೂಸಿಯಂ ಇಂದು ಇಂಥ ಪ್ರಶ್ನೆಗಳನ್ನು ಎದುರಿಸುತ್ತಿದೆ. 2020ರಲ್ಲಿ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದಿದೆ.

ಖಾಲಿ ಕುರ್ಚಿ

1900ರ ಮೇ 4ರಂದು ಪಿಟ್ ರಿವರ್ಸ್ ರಶ್‌ಮೋರ್‌ನಲ್ಲಿ ತೀರಿಕೊಂಡರು. ಸರ್ಕಾರ ಅವರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಬಿರುಗಾಳಿಗೆ ಸಿಕ್ಕಿ ಸ್ಟೋನ್‌ಹೆಂಜ್‌ನ ಒಂದು ಭಾರಿ ಕಂಬಗಲ್ಲು ತನ್ನ ತೊಲೆಗಲ್ಲಿನ ಸಮೇತ ಉರುಳಿತು. ವಾಲುತ್ತಿವೆ ಎಂದು ವರದಿಯಲ್ಲಿ ಬರೆದವರು ಆಗ ಇರಲಿಲ್ಲ, ವರದಿ ಓದಬೇಕಾದ ಕುರ್ಚಿಯೂ ಖಾಲಿ ಇತ್ತು. ಆ ಕುರ್ಚಿ ತುಂಬಿದ್ದು 1910ರಲ್ಲಿ, ಚಾರ್ಲ್ಸ್ ಪಿಯರ್ಸ್ ಎಂಬ ವಾಸ್ತುತಜ್ಞರಿಂದ.

ಮುಂದಿನದು ಬೇಗ ಹೇಳಿಬಿಡಬಹುದು. 1913ರಲ್ಲಿ ಹೊಸ ಕಾಯ್ದೆ ಬಂತು. ಪಟ್ಟಿಗೆ ಸೇರಿದ ಸ್ಮಾರಕವನ್ನು ಮುಟ್ಟುವ ಮೊದಲು ಮಾಲೀಕ ಒಂದು ತಿಂಗಳು ಮುಂಚೆ ತಿಳಿಸಬೇಕೆಂದಾಯಿತು. ಅಪಾಯವಿದ್ದರೆ ತಡೆಯುವ ಅಧಿಕಾರವೂ ಸರ್ಕಾರಕ್ಕೆ ಸಿಕ್ಕಿತು. ಈ ಬದಲಾವಣೆಗೆ ಒತ್ತಾಸೆಯಾಗಿ ನಿಂತವರಲ್ಲಿ ಲಾರ್ಡ್ ಕರ್ಜನ್ ಒಬ್ಬರು. ಬಂಗಾಳ ಒಡೆದ ಕರ್ಜನ್ನೇ. ವೈಸರಾಯ್ ಆಗಿದ್ದಾಗ 1904ರಲ್ಲಿ ಭಾರತಕ್ಕೆ ಪ್ರಾಚೀನ ಸ್ಮಾರಕಗಳ ಕಾಯ್ದೆ ತಂದಿದ್ದರು. ತಮ್ಮ ದೇಶದ ಕಾನೂನಿಗಿಂತ ಅದು ಬಿಗಿಯಾಗಿತ್ತು. ಸ್ಟೋನ್‌ಹೆಂಜ್ 1915ರಲ್ಲಿ ಹರಾಜಿಗೆ ಬಂದು 6,600 ಪೌಂಡಿಗೆ ಸೆಸಿಲ್ ಚಬ್ ಎಂಬ ವಕೀಲರ ಪಾಲಾಯಿತು. 1918ರಲ್ಲಿ ಅವರು ಅದನ್ನು ದೇಶಕ್ಕೆ ದಾನ ಕೊಟ್ಟರು. ಪಟ್ಟಿಗೆ ಸೇರಿ 36 ವರ್ಷಗಳ ನಂತರ ಸ್ಮಾರಕಕ್ಕೆ ದಿಕ್ಕು ಸಿಕ್ಕಿತು.

ಬ್ರಹ್ಮಗಿರಿಗೆ ಬಂದ ವಿಧಾನ

ಪಿಟ್ ರಿವರ್ಸ್ ಕರ್ನಾಟಕವನ್ನು ಕಂಡವರಲ್ಲ. ಅವರ ವಿಧಾನ ಮಾತ್ರ ಬಂತು. ಅವರ ಸಂಪುಟಗಳನ್ನು ಗುರುವಿನಂತೆ ಕಂಡ ಮಾರ್ಟಿಮರ್ ವೀಲರ್ 1944ರಲ್ಲಿ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದರು. 1947ರಲ್ಲಿ ಅವರು ಅಗೆಸಿದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ. ಅಶೋಕನ ಶಾಸನ ಇರುವ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಮಣ್ಣು ತೆಗೆದು, ಪ್ರತಿ ಮಡಕೆ ಚೂರಿನ ಜಾಗ ಬರೆದು, ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಒಂದು ಕ್ರಮ ಹಾಕಿದರು. ರಶ್‌ಮೋರ್ ಜಮೀನಿನ ಪಾಠ 60 ವರ್ಷಗಳ ನಂತರ ಮೊಳಕಾಲ್ಮೂರು ಸೀಮೆಗೆ ತಲುಪಿತ್ತು.

ಹಾಗೆಂದು ಬರೆದಿಡುವ ಕೆಲಸವನ್ನು ಇವರಿಂದಲೇ ನಾವು ಕಲಿತೆವು ಎಂದಲ್ಲ. ಜನರಲ್ ಸ್ಕಾಟ್ಲೆಂಡಿನಲ್ಲಿ ಕಲ್ಲು ಅಳೆಸುತ್ತಿದ್ದ ಕಾಲದಲ್ಲೇ ಮೈಸೂರು ಸೀಮೆಯಲ್ಲಿ ಬೆಂಜಮಿನ್ ಲೂಯಿ ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು ಹಳ್ಳಿ ಹಳ್ಳಿ ತಿರುಗಿ ಶಾಸನಗಳ ಅಚ್ಚು ತೆಗೆಯುತ್ತಿದ್ದರು. ಸುಮಾರು 9 ಸಾವಿರ ಶಾಸನಗಳು 12 ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೇರಿದವು. ಬೆಂಗಳೂರಿನಲ್ಲಿ ಹುಟ್ಟಿದ ರೈಸ್ ಕೊನೆಯುಸಿರೆಳೆದದ್ದು 1927ರಲ್ಲಿ ಲಂಡನ್ ಪಕ್ಕದ ಹ್ಯಾರೋದಲ್ಲಿ. ಅದೇ ಹ್ಯಾರೋದಲ್ಲಿ ಇಂದು ಕನ್ನಡ ಮನೆಗಳೂ ಇವೆ.

ಪಿಟ್ ರಿವರ್ಸರ ಬದುಕಿನಿಂದ ಸ್ಮಾರಕ ಕಾಯುವ ಅಧಿಕಾರಿಯ ಕರ್ತವ್ಯದ ಪಟ್ಟಿಯನ್ನು ಬರೆಯುವುದಾದರೆ ಅದು ಹೀಗಿರುತ್ತದೆ. ಏನೇನಿದೆ ಎಂದು ಪಟ್ಟಿ ಮಾಡು. ಹೋಗಿ ಕಣ್ಣಿಂದ ನೋಡು. ಇದ್ದದ್ದನ್ನು ಇದ್ದ ಹಾಗೆ ಬರೆ. ಜಾಗದವನ ಜೊತೆ ಮಾತಾಡು. ನಿನ್ನ ನಂತರ ಬರುವವನಿಗೆ ಓದಲು ಬಿಡು. ಕೊನೆಯದೊಂದು ಸರ್ಕಾರದ ಕರ್ತವ್ಯ. ನಂತರ ಬರುವವನನ್ನು ನೇಮಿಸು.

ನಮ್ಮ ರಾಜ್ಯದಲ್ಲಿ ಕೇಂದ್ರದ ಇಲಾಖೆಯೂ ಇದೆ, ರಾಜ್ಯದ ಪುರಾತತ್ವ ಇಲಾಖೆಯೂ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ತನಕ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. 1882ರ ಬ್ರಿಟನ್ನಿಗೆ ಕನಸಿನಲ್ಲೂ ಇರದ ಬಲ ಅದು. ಆದರೆ ಈ ಬಲ ಪಟ್ಟಿಗೆ ಸೇರಿದ್ದಕ್ಕೆ ಮಾತ್ರ. ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲು, ಕೆರೆ ಏರಿಯ ಮೇಲಿನ ಶಾಸನ, ಪಾಳುಗುಡಿಯ ಹಿಂದಿನ ಮಾಸ್ತಿಕಲ್ಲುಗಳಲ್ಲಿ ಪಟ್ಟಿಗೆ ಸೇರದವು ಲೆಕ್ಕವಿಲ್ಲದಷ್ಟಿವೆ. ಅವುಗಳ ಪಾಲಿಗೆ ಕಾಲ ಇನ್ನೂ 1882ರಲ್ಲೇ ನಿಂತಿದೆ. ಜಾಗದ ಒಡೆಯ ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ.

ಆ ಒಡೆಯರಲ್ಲಿ ವಿದೇಶದಲ್ಲಿರುವ ನಮ್ಮಲ್ಲಿ ಕೆಲವರೂ ಇದ್ದೇವೆ. ಊರಿನ ಜಮೀನು ನಮ್ಮ ಹೆಸರಿನಲ್ಲಿದೆ, ಇಲ್ಲವೇ ಅಣ್ಣತಮ್ಮಂದಿರ ಜೊತೆ ಜಂಟಿಯಾಗಿದೆ. ಲೇಔಟ್ ಮಾಡುವವರು ಬಂದು ಕೇಳುತ್ತಾರೆ. ಲಂಡನ್ನಿನಲ್ಲೋ ದುಬೈನಲ್ಲೋ ಕೂತು ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ಕಳಿಸುತ್ತೇವೆ. ಜೆಸಿಬಿ ಬಂದ ದಿನ ಬದುವಿನ ಕಲ್ಲು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಮುಂದಿನ ಸಲ ರಜೆಗೆ ಹೋದಾಗ ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಲ್ಲೋಣ. ನಾಲ್ಕು ಕಡೆಯಿಂದ ಫೋಟೊ, ಜಮೀನಿನ ಸರ್ವೆ ನಂಬರು, ಕಲ್ಲಿನ ಎತ್ತರ ಅಗಲ, ಮೇಲೆ ಅಕ್ಷರವಿದ್ದರೆ ಅದರ ಹತ್ತಿರದ ಚಿತ್ರ. ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ, ಒಂದು ಪ್ರತಿ ಊರಿನ ಪಂಚಾಯಿತಿಗೆ, ಒಂದು ನಮ್ಮ ಪತ್ರಗಳ ಕಡತದಲ್ಲಿ. ಜಮೀನು ಮಾರುವುದೇ ಆದರೆ ಕಲ್ಲನ್ನು ಕದಲಿಸಬಾರದೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಲು ವಕೀಲರಿಗೆ ಹೇಳೋಣ. ಇದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಫೋನು, ಒಂದು ಮಧ್ಯಾಹ್ನ.